ಬಣ್ಣಕ್ಕೆ ಅಮ್ಮ ಆದಾಗ

"ಮೇಡಂ, ನಿಮ್ ಪಾರ್ಟ್‌ಗೆ ಅಮ್ಮ ಆಗಿದೆ. ಬೇವಿನ್ ಸೊಪ್ಪು ಹಾಸಿ ಮಲಗಿಸಿ, ಪಾಪ."

ಗಿರಾಕಿ ಕಂಪನಿಯಿಂದ ತಪಾಸಣೆಗೆ ಬಂದಿದ್ದ ಇಂಜಿನಿಯರ್ ಇಷ್ಟು ಹೇಳಿ, ಕೈಯಲ್ಲಿದ್ದ ಮಿರರ್ ಕವರನ್ನು ನಿದ್ದೆ ಬಂದ ಕೂಸನ್ನು ಮಲಗಿಸುವಂತೆ ಮೆಲ್ಲಗೆ ಮೇಜಿನ ಮೇಲಿಟ್ಟರು. ಸುತ್ತ ನಿಂತವರಲ್ಲಿ ಕನ್ನಡ ಬಾರದವರೇ ಹೆಚ್ಚು. ಅವರೂ ನಕ್ಕರು. ಇಂಜಿನಿಯರ್ ಇಟ್ಟ ರೀತಿಯೇ ಹಾಗಿತ್ತು.

ಮಿರರ್ ಕವರ್ ಅಂದರೆ ಕಾರಿನ ಎರಡೂ ಪಕ್ಕ ಕಿವಿಯ ಹಾಗೆ ಚಾಚಿಕೊಂಡಿರುವ ಕನ್ನಡಿಗಳ ಬೆನ್ನಿನ ಚಿಪ್ಪು. ಅಂಗೈಗಿಂತ ಸ್ವಲ್ಪ ದೊಡ್ಡದು, ಪ್ಲಾಸ್ಟಿಕ್ಕಿನದು. ಅದಕ್ಕೆ ಕಾರಿನದೇ ಬಣ್ಣ ಹೊಡೆದು ಕಳಿಸುವುದು ಪುಣೆ ಹತ್ತಿರದ ಚಾಕಣದ ನಮ್ಮ ಕಾರ್ಖಾನೆಯ ಕೆಲಸ. ಪೇಂಟ್ ಶಾಪಿನ ಉಸ್ತುವಾರಿ ನನ್ನದು. ಆ ದಿನ ಉದ್ದನೆಯ ಟ್ಯೂಬ್‌ಲೈಟುಗಳ ಕೆಳಗೆ ಹಿಡಿದು ಓರೆ ಮಾಡಿದರೆ ಕೆಂಪು ಬಣ್ಣದ ತುಂಬ ಸಾಸಿವೆ ಕಾಳಿನಷ್ಟು ಕುಳಿಗಳು. ಒಂದೊಂದರ ನಡುವೆ ಪ್ಲಾಸ್ಟಿಕ್ಕಿನ ಕಪ್ಪು ಇಣುಕುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಎಲ್ಲರಿಗೂ ಕಾಣುತ್ತಿತ್ತು.

ಇಂಜಿನಿಯರ್ ಬೆಂಗಳೂರಿನವರು. ನಾನು ಧಾರವಾಡದವಳು. ಪುಣೆಯಲ್ಲಿ ಎಲ್ಲಾದರೂ ಕನ್ನಡ ಕೇಳಿಸಿದರೆ ನನ್ನ ಕಿವಿ ತಾನಾಗಿ ಅತ್ತ ಹೊರಳುತ್ತದೆ. ನಾನಿರುವ ಹಡಪಸರದ ಕಾಯಿಪಲ್ಯೆ ಗಾಡಿಯ ಮುಂದೆ ಯಾರಾದರೂ "ಎಷ್ಟರೀ ಇದು" ಅಂದರೆ ಸಾಕು, ನನ್ನ ಬದನೆಕಾಯಿ ಬಿಟ್ಟು ಅವರ ಊರು ಕೇಳುವವಳು ನಾನು. ಆದರೆ ಆ ದಿನ, ದೇವರೇ, ಇವರು ಇಂಗ್ಲಿಷಿನಲ್ಲಿ ಬೈದಿದ್ದರೆ ಏನಾಗುತ್ತಿತ್ತು ಅನ್ನಿಸಿತು. ಸ್ವಂತ ಭಾಷೆಯ ಚುಚ್ಚುಮಾತು ಅಡ್ಡದಾರಿ ಹಿಡಿಯುವುದಿಲ್ಲ, ನೆಟ್ಟಗೆ ಬಂದು ತಾಗುತ್ತದೆ.

ಹೋಗುವ ಮುಂಚೆ ಅವರು ಆಟ ಬಿಟ್ಟು ಮಾತಾಡಿದರು. ತಿಂಗಳ ಕೊನೆಯೊಳಗೆ ಈ ಕುಳಿ ನಿಲ್ಲಬೇಕು. ನಿಲ್ಲದಿದ್ದರೆ ಮಿರರ್ ಕವರ್ ಕೆಲಸ ಇನ್ನೊಂದು ಕಾರ್ಖಾನೆಗೆ ಹೋಗುತ್ತದೆ. ನಮ್ಮ ಪೇಂಟ್ ಶಾಪಿನ ಎರಡನೆಯ ಪಾಳಿ ನಡೆಯುವುದೇ ಆ ಕೆಲಸದ ಮೇಲೆ. ಅದು ಹೋದರೆ ಪಾಳಿ ಬಂದ್. ಪಾಳಿಯವರು ಮನೆಗೆ.

ನಮ್ಮ ಪ್ಲಾಂಟ್ ಮುಖ್ಯಸ್ಥರು ಗೇಟಿನ ತನಕ ಅವರನ್ನು ಕಳಿಸಿಬಂದು, ನನ್ನ ಮೇಜಿನ ಮುಂದೆ ನಿಂತು, "ಮ್ಯಾಡಮ್, ಪೇಂಟ್ ಶಾಪ್ ಮ್ಹಣಜೆ ರಾಂಗೋಳಿ ನಾಹೀ" ಅಂದರು. ಪೇಂಟ್ ಶಾಪ್ ಅಂದರೆ ರಂಗೋಲಿಯಲ್ಲ. ನನ್ನನ್ನು ಈ ಕುರ್ಚಿಗೆ ಕೂರಿಸುವಾಗಲೇ ಅವರಿಗೆ ಮನಸ್ಸಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಈಗ ಗಾಯದ ಮೇಲೆ ಬರೆ ಎಳೆದರು.

ಸಿಟ್ಟು ಬಂದರೆ ಕೆಲವರಿಗೆ ಊಟ ಸೇರುವುದಿಲ್ಲ. ನನ್ನದು ಉಲ್ಟಾ. ಸಿಟ್ಟು ಬಂತೆಂದರೆ ಹೊಟ್ಟೆ ಭಗಭಗ ಅನ್ನುತ್ತದೆ. ಗೇಟಿನ ಹೊರಗಿನ ಗಾಡಿಯಲ್ಲಿ ಎರಡು ವಡಾಪಾವ್ ತಿಂದೆ, ಉಪ್ಪು ಹಚ್ಚಿ ಕರಿದ ಮೆಣಸಿನಕಾಯಿಯನ್ನೂ ಬಿಡಲಿಲ್ಲ. ಮೂರನೆಯದಕ್ಕೆ ಕೈ ಚಾಚುವಾಗ ಗಾಡಿಯ ಮೇಲೆ ನೆರಳು ಕೊಡುತ್ತಿದ್ದ ಮರ ನೋಡಿದೆ. ಬೇವಿನ ಮರ! ನನಗೇ ನಗು ಬಂತು. ಒಂದು ಟೊಂಗೆ ಮುರಿದುಕೊಂಡು ಒಳಗೆ ಹೋದೆ. ಆ ಕುಳಿಬಿದ್ದ ಕವರನ್ನು ನನ್ನ ಮೇಜಿನ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ಮೇಲೆ ಬೇವಿನ ಟೊಂಗೆ ಸಿಕ್ಕಿಸಿದೆ. ನಿಮ್ಮ ಮಾತಿನಂತೆಯೇ ಮಾಡಿದ್ದೇನೆ ಸ್ವಾಮಿ. ಇನ್ನು ಅಮ್ಮ ಇಳಿಯುವ ತನಕ ಇದು ನನ್ನ ಕಣ್ಣೆದುರು ಇರಲಿ.

ಪೇಂಟ್ ಶಾಪಿನಲ್ಲಿ ಒಬ್ಬರೇ ಕನ್ನಡದವರು ನನ್ನ ಜೊತೆ ಇದ್ದರು. ಯಾದಗಿರಿ ಕಡೆಯವರು, ಗನ್ ಹಿಡಿದು ಬಣ್ಣ ಹೊಡೆಯುವವರಲ್ಲಿ ಹಿರಿಯರು. ಕಟ್ಟಡದ ಕೆಲಸಕ್ಕೆಂದು ಪುಣೆಯ ಕೊಂಢವಾಕ್ಕೆ ಬಂದು, ಗೋಡೆಗೆ ಬಣ್ಣ ಬಳಿಯುತ್ತ ಬಳಿಯುತ್ತ ಕಾರ್ಖಾನೆ ಸೇರಿದವರು. ಮರಾಠಿಯವರೂ ಕನ್ನಡದವರೂ ಕರೆಯುವುದು ಕಾಕಾ ಎಂದೇ. ಅವರು ಟೊಂಗೆ ನೋಡಿ ಕೈ ಮುಗಿಯಲೋ ಬೇಡವೋ ಎಂದು ಅನುಮಾನಿಸುತ್ತ ನಿಂತರು.

"ಇದೇನ್ ಹಚ್ಚೀರ್ರಿ ಮೇಡಂ?"

"ಅಮ್ಮ ಎದ್ದಾಳಂತ ಕಾಕಾ. ಬೆಂಗಳೂರಿನವರು ಹೇಳಿ ಹೋಗ್ಯಾರ."

"ಹಂಗಾರ ಮಸರನ್ನ ಎಡಿ ಕೊಡ್ರಿ, ಇಳೀತಾಳ" ಅಂದರು ಕಾಕಾ, ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ.

ಮೊಸರನ್ನಕ್ಕೆ ಇಳಿಯುವ ರೋಗವಾಗಿರಲಿಲ್ಲ ಅದು. ನಮ್ಮ ಕೆಲಸದ ಕ್ರಮ ಹೀಗೆ. ಪ್ಲಾಸ್ಟಿಕ್ ಕವರನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹ್ಯಾಂಗರಿಗೆ ಸಿಕ್ಕಿಸುತ್ತೇವೆ. ಗಾಳಿ ಊದಿ ಧೂಳು ತೆಗೆಯುತ್ತೇವೆ. ಬೂತ್ ಎಂಬ ಗಾಜಿನ ಕೋಣೆಯಲ್ಲಿ ಮೊದಲು ಪ್ರೈಮರ್, ಆಮೇಲೆ ಬಣ್ಣ, ಮೇಲೆ ಹೊಳಪಿನ ಪದರ. ಕೊನೆಗೆ ಓವನ್. ಇಷ್ಟರಲ್ಲಿ ಎಲ್ಲಾದರೂ ಒಂದು ಹನಿ ಎಣ್ಣೆಯ ಪಸೆ ಸೇರಿತೋ, ಹಸಿ ಬಣ್ಣ ಅದರಿಂದ ದೂರ ಸರಿಯುತ್ತದೆ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ. ಸರಿದ ಜಾಗವೇ ಕುಳಿ. ಹಾಗಾಗಿ ಎಲ್ಲೋ ಪಸೆ ಇದೆ ಎನ್ನುವುದು ಖಚಿತ. ಎಲ್ಲಿ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ನಮ್ಮ ಮೊದಲ ಅನುಮಾನ ಹೋದದ್ದು ಬಣ್ಣದ ಡಬ್ಬಿಗಳ ಮೇಲೆ. ದೀಪಾವಳಿ ರಜೆ ಮುಗಿಸಿ ಬಂದಾಗ ಹೊಸ ಡಬ್ಬಿ ಒಡೆದಿದ್ದೆವು, ಕುಳಿ ಎದ್ದು ಕಾಣಿಸಿದ್ದೂ ಆಗಲೇ. ಬಣ್ಣದ ಕಂಪನಿಯವರನ್ನು ಕರೆಸಿ ದಬಾಯಿಸಿದೆ. ಅವರು ಶಾಂತವಾಗಿ ಅದೇ ಡಬ್ಬಿಯ ಬಣ್ಣವನ್ನು ತಮ್ಮ ಪ್ರಯೋಗಶಾಲೆಯಲ್ಲಿ ಹೊಡೆದು ತಂದು ತೋರಿಸಿದರು. ಕನ್ನಡಿಯಂತಿತ್ತು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಆ ದಿನ ಆ ಕುಣಿಯುವವಳು ನಾನೇ ಆಗಿದ್ದೆ.

ಎರಡನೆಯದು ಗಾಳಿ. ಗನ್ನಿಗೆ ಬರುವ ಗಾಳಿ ಕಂಪ್ರೆಸರಿನಿಂದ ಬರುತ್ತದೆ, ಅದರಲ್ಲಿ ಎಣ್ಣೆ ಇದ್ದೇ ಇರುತ್ತದೆ, ಫಿಲ್ಟರ್ ಸೋತರೆ ದಾಟಿಬರುತ್ತದೆ. ಬಿಳಿ ಕಾಗದಕ್ಕೆ ಗಾಳಿ ಹಿಡಿದು ನೋಡಿದೆವು, ಕಲೆ ಬೀಳಲಿಲ್ಲ. ಆದರೂ ಇರಲಿ ಎಂದು ಫಿಲ್ಟರ್ ಎಲ್ಲ ಬದಲಿಸಿದೆವು. ಮರುದಿನದ ಕವರುಗಳ ಮೇಲೆ ಕುಳಿಗಳು ನನ್ನನ್ನೇ ನೋಡುತ್ತಿದ್ದವು.

ಮೂರನೆಯದು ತಲೆಗೆಣ್ಣೆ. ಚಳಿ ಶುರುವಾಗಿತ್ತು. ತಪಾಸಣೆ ಮೇಜಿನ ಹೆಣ್ಣುಮಕ್ಕಳು ತಲೆ ತುಂಬ ಕೊಬ್ಬರಿ ಎಣ್ಣೆ ಹಚ್ಚಿ, ಕೈಗೆ ಕ್ರೀಮ್ ಸವರಿಕೊಂಡು ಬರುತ್ತಿದ್ದರು. ಎರಡನ್ನೂ ನಿಲ್ಲಿಸಿದೆ. ಆಗ ಎದ್ದ ಗಲಾಟೆಯ ಮುಂದೆ ಗಿರಾಕಿಯ ತಪಾಸಣೆ ಏನೂ ಅಲ್ಲ. ಒಬ್ಬಳು, "ಮ್ಯಾಡಮ್, ಕೂದಲು ಪೊರಕೆಯಾದರೆ ನಮ್ಮನ್ನು ನೋಡುವವರು ಯಾರು?" ಅಂದಳು. ಎಲ್ಲರ ತಲೆಗೂ ಟೊಪ್ಪಿಗೆ, ಕೈಗೆ ಹೊಸ ಗ್ಲೌಸು ಕೊಟ್ಟೆ. ನಾನೂ ಎಣ್ಣೆ ಬಿಟ್ಟೆ. ವಾರದಲ್ಲಿ ನಮ್ಮೆಲ್ಲರ ಕೂದಲೂ ಪೊರಕೆಯಾಯಿತೇ ಹೊರತು ಕುಳಿ ಕಡಿಮೆಯಾಗಲಿಲ್ಲ. ತಿಂಗಳು ಅರ್ಧ ಕಳೆದಿತ್ತು.

ನನಗೆ ಹೆದರಿಕೆಯಾಗತೊಡಗಿತು. ಕುರ್ಚಿ ಹೋದರೆ ಹೋಗಲಿ ಎಂದು ಬಾಯಿಯಲ್ಲಿ ಅನ್ನಬಹುದಿತ್ತು, ಆದರೆ ಎರಡನೆಯ ಪಾಳಿಯ ಜನ ಚಹದ ಹೊತ್ತಿಗೆ ನನ್ನ ಮುಖ ನೋಡುತ್ತಿದ್ದರು. ಆ ನೋಟ ತಡೆಯುವುದು ಕಷ್ಟ.

ಅಂಥ ಹೊತ್ತಿನಲ್ಲೇ ಬೆಂಗಳೂರಿನವರು ಫೋನ್ ಮಾಡಿದರು. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಬಣ್ಣ, ಗಾಳಿ, ಎಣ್ಣೆ, ಗ್ಲೌಸು. ಕೇಳಿಸಿಕೊಂಡು ಅವರು ಅಂದರು:

"ಮೇಡಂ, ಬೇಜಾರ್ ಮಾಡ್ಕೋಬೇಡಿ. ನೀವು ಬರೀ ಪೇಶಂಟ್‌ನ ನೋಡ್ತಿದೀರ. ಮಗುಗೆ ಅಮ್ಮ ಆದ್ರೆ ಮಗು ಮೈನೇ ನೋಡ್ತಾ ಕೂತ್ರೆ ಎಲ್ಲಿಂದ ಅಂಟ್ತು ಅಂತ ಗೊತ್ತಾಗುತ್ತಾ? ಮನೇಲಿ ಇನ್ಯಾರ್ಗಿದೆ ನೋಡ್ಬೇಕಲ್ವಾ? ಬೇಸಿಕ್ ಅಲ್ವಾ ಮೇಡಂ ಇದು?"

ಆ 'ಬೇಸಿಕ್' ಎಂಬ ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಫೋನ್ ಇಟ್ಟವಳೇ ಡ್ರಾಯರಿನಲ್ಲಿದ್ದ ಶೇಂಗಾ ಉಂಡಿ ಎರಡು ತಿಂದೆ. ಅಗಿಯುತ್ತ ಎದುರಿನ ಗೋಡೆ ನೋಡಿದೆ. ಬೇವಿನ ಎಲೆ ಒಣಗಿ ಸುರುಟಿಕೊಂಡಿತ್ತು. ಎರಡನೆಯ ಉಂಡಿ ಮುಗಿಯುವಷ್ಟರಲ್ಲಿ ಸಿಟ್ಟು ತುಸು ಇಳಿದು, ಅದರಡಿ ಕೂತಿದ್ದ ಮಾತು ಮೇಲೆ ಬಂತು. ಮನುಷ್ಯ ಹೇಳಿದ್ದರಲ್ಲಿ ತಪ್ಪೇನಿದೆ? ನಾನು ಕವರಿಗೆ ನೇರವಾಗಿ ತಾಗುವುದನ್ನೆಲ್ಲ ನೋಡಿದ್ದೆ. ಕವರಿಗೆ ತಾಗುವುದನ್ನು ಮುಟ್ಟುವುದು ಯಾವುದು? ಮನೆಯನ್ನು ನೋಡಿರಲಿಲ್ಲ. ಬೈಗುಳಕ್ಕೆ ಸಿಪ್ಪೆಯೂ ಇರುತ್ತದೆ, ಕಾಳೂ ಇರುತ್ತದೆ. ಸಿಪ್ಪೆ ಉಗುಳಿ ಕಾಳು ತಿನ್ನುವುದು ಶೇಂಗಾ ತಿನ್ನುವ ಊರಿನವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮರುದಿನ ಬೆಳಿಗ್ಗೆ ಹೊಸ ಬಿಳಿ ಬಟ್ಟೆ ತರಿಸಿ ಅಂಗೈಯಗಲ ಚೂರು ಮಾಡಿಸಿದೆ. ಕಾಕಾ ಮತ್ತು ನಾನು ಪೇಂಟ್ ಶಾಪಿನ ಒಂದೊಂದು ಜಾಗವನ್ನೂ ಒಂದೊಂದು ಚೂರಿನಲ್ಲಿ ಒರೆಸಿದೆವು. ಗೋಡೆ, ನೆಲ, ಹ್ಯಾಂಗರ್, ಗನ್ನಿನ ಪೈಪು, ತಳ್ಳುಗಾಡಿಯ ಹಿಡಿಕೆ, ಬೂತಿನ ಬಾಗಿಲು, ಸ್ವಿಚ್ಚಿನ ಡಬ್ಬಿ, ಓವನ್ನಿನ ಬಾಗಿಲು. ಪ್ರತಿ ಚೂರನ್ನು ಬೇರೆ ಬೇರೆ ಶುದ್ಧ ತಗಡಿನ ಮೇಲೆ ಉಜ್ಜಿ, ತಗಡಿಗೆ ಹೆಸರು ಬರೆದೆವು. ಆಮೇಲೆ ಎಲ್ಲ ತಗಡುಗಳನ್ನೂ ಸಾಲಾಗಿ ನಿಲ್ಲಿಸಿ, ಅಂಗಳದ ಬಿಸಿಲಲ್ಲಿ, ಬೂತಿನ ಗಾಳಿಯೇ ಸೋಕದಂತೆ, ಹೊಸ ಗನ್ನಿನಿಂದ ಬಣ್ಣ ಹೊಡೆಸಿದೆ. ಮದುವೆಗೆ ಹೆಣ್ಣು ನೋಡಲು ಬಂದವರಂತೆ ಎಲ್ಲರೂ ಸುತ್ತುವರಿದು ನಿಂತರು.

ಗೋಡೆಯ ತಗಡು ಚೊಕ್ಕ. ನೆಲದ್ದು ಧೂಳು, ಆದರೆ ಕುಳಿಯಿಲ್ಲ. ಗನ್ನಿನ ಪೈಪು ಚೊಕ್ಕ. ಬೂತಿನ ಬಾಗಿಲಿನ ತಗಡಿಗೆ ಬಣ್ಣ ಬಿದ್ದದ್ದೇ ತಡ, ನಮ್ಮ ಕಣ್ಣೆದುರೇ ಪಟಪಟ ಕುಳಿಗಳು ಬಾಯಿ ಬಿಟ್ಟವು. ಸ್ವಿಚ್ಚಿನ ಡಬ್ಬಿ, ಅದೂ ಹಾಗೆ. ತಳ್ಳುಗಾಡಿಯ ಹಿಡಿಕೆ, ಓವನ್ನಿನ ಬಾಗಿಲು, ಹಾಗೇ. ನಾನು ಖುಷಿಯಿಂದ ಕೂಗಿಬಿಟ್ಟೆ. ಅಮ್ಮ ಎದ್ದದ್ದು ನೋಡಿ ಕುಣಿದ ಹೆಂಗಸು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಗೊತ್ತಾಯಿತಲ್ಲ. ಹಿಡಿಕೆ ಹಿಡಿದ ಗ್ಲೌಸು ಕವರನ್ನು ಮುಟ್ಟುತ್ತದೆ. ಹೊಸ ಗ್ಲೌಸು ಕೊಟ್ಟರೂ ಅದು ಮೊದಲು ಮುಟ್ಟುವುದು ಬಾಗಿಲನ್ನೇ. ಆದರೆ ಬಾಗಿಲಿಗೆ ಪಸೆ ಎಲ್ಲಿಂದ ಬಂತು? ಬಾಗಿಲ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ. ಹನಿಗಳು ಮುತ್ತಾಗಿ ಉರುಳಿದವು. ಏನೋ ಹಚ್ಚಿ ತಿಕ್ಕಿದ್ದಾರೆ.

ಹಿಂತಿರುಗಿ ನೋಡಿದರೆ ಕಾಕಾ ಮುಖ ಬಿಳಿಚಿಕೊಂಡಿತ್ತು.

"ಮೇಡಂ... ಖಂಡೆ ನವಮಿ" ಅಂದರು.

ನಾವು ಆಯುಧ ಪೂಜೆ ಅನ್ನುವುದನ್ನು ಇಲ್ಲಿ ಖಂಡೆ ನವಮಿ ಅನ್ನುತ್ತಾರೆ. ದಸರೆಯ ಹಿಂದಿನ ದಿನ ಕಾರ್ಖಾನೆಯಲ್ಲಿ ಯಂತ್ರಗಳನ್ನೆಲ್ಲ ತೊಳೆದು ಒರೆಸಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು ಪೂಜೆ ಮಾಡುವುದು ಪದ್ಧತಿ. ಕವರಿನ ಅಚ್ಚು ಹಾಕುವ ಮೋಲ್ಡಿಂಗೋ, ಬಣ್ಣ ಹೊಡೆಯುವ ನಾವೋ, ಯಾವ ವಿಭಾಗದ ಯಂತ್ರ ಹೆಚ್ಚು ಹೊಳೆಯುತ್ತದೆ ಎಂಬ ಬಗ್ಗೆ ಒಳಗೊಳಗೇ ಪೈಪೋಟಿಯೂ ಉಂಟು.

"ಹೋದ ವರ್ಷ ಮೋಲ್ಡಿಂಗಿನವರು ನಮ್ಮನ್ನ ನೋಡಿ ನಕ್ಕಿದ್ರಿ" ಅಂದರು ಕಾಕಾ. "ಪೇಂಟಿನವ್ರ ಮಶೀನಿಗೇ ಹೊಳಪಿಲ್ಲ ಅಂತ. ಅದ್ಕ ಈ ಸಲ ನಾ ಕಾರಿಗಿ ಹೊಡಿಯೋ ಪಾಲಿಶ್ ಸ್ಪ್ರೇ ತಂದಿನ್ರಿ. ನನ್ನ ರೊಕ್ಕದಾಗ. ಬಾಗಲಾ, ಗಾಡಿ, ಎಲ್ಲಾ ತಿಕ್ಕಿ ತಿಕ್ಕಿ ಥಳಥಳ ಮಾಡಿನ್ರಿ. ದೇವ್ರ ಮುಂದ ಮಶೀನು ಮಾಸಿ ಕುಂದ್ರಬಾರ್ದಲ್ರಿ."

ಕಾರಿನ ಡ್ಯಾಶ್‌ಬೋರ್ಡಿಗೆ ಹೊಡೆಯುವ ಹೊಳಪಿನ ಸ್ಪ್ರೇ! ಅದರಲ್ಲಿರುವುದು ಸಿಲಿಕೋನ್, ಹಸಿ ಬಣ್ಣದ ಹುಟ್ಟುವೈರಿ. ಗೋಡೆಯ ಬಣ್ಣದಲ್ಲಿ ಬೆಳೆದ ಕಾಕಾಗೆ ಅದನ್ನು ಯಾರೂ ಹೇಳಿರಲಿಲ್ಲ. ಪೂಜೆಯಾದ ಮೇಲೆ ಅಲ್ಲೊಂದು ಇಲ್ಲೊಂದು ಬಿದ್ದ ಕುಳಿಯನ್ನು ಧೂಳೆಂದು ಬಿಟ್ಟಿದ್ದೆವು. ಸ್ವಲ್ಪ ದಿನಕ್ಕೇ ದೀಪಾವಳಿ ರಜೆ ಬಂದು, ರಜೆಯ ನಂತರ ಹೊಸ ಡಬ್ಬಿ ಒಡೆದು, ನಮ್ಮ ಅನುಮಾನವೆಲ್ಲ ಡಬ್ಬಿಯ ಹಿಂದೆ ಓಡಿತ್ತು. ಪೂಜೆಯ ದಿನ ಆ ಹೊಳಪು ನೋಡಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಪ್ಲಾಂಟ್ ಮುಖ್ಯಸ್ಥರು.

ಈಗ ಅವರು ಬೇರೆಯೇ ರಾಗ ತೆಗೆದರು. ಕಾರಣ ಕೇಳಿ ತಲೆಗೆ ಕೈಹೊತ್ತು, "ಇದನ್ನು ಗಿರಾಕಿಗೆ ಹೇಳಿದರೆ ಚಾಕಣದ ತುಂಬ ನಗುತ್ತಾರೆ. ಒಂದು ದಿನದಲ್ಲಿ ಒರೆಸಿಬಿಡಿ. ಹೊಸ ಫಿಲ್ಟರೇ ಕೆಟ್ಟದ್ದಿತ್ತು, ಮತ್ತೆ ಬದಲಿಸಿದೆವು ಅನ್ನಿ. ಕಾಕಾನ ವಿಚಾರ ಆಮೇಲೆ ನೋಡೋಣ" ಅಂದರು. ಆ 'ಆಮೇಲೆ' ನನಗೆ ಹಿಡಿಸಲಿಲ್ಲ. ಆದರೂ ಒರೆಸುವುದಂತೂ ಆಗಲೇಬೇಕಿತ್ತು. ಆಯಿತು ಅಂದೆ.

ಒಂದು ಮಧ್ಯಾಹ್ನ ಎಲ್ಲರೂ ಸೇರಿ ಬಕೆಟ್ಟುಗಟ್ಟಲೆ ಥಿನ್ನರಿನಲ್ಲಿ ಬಟ್ಟೆ ಅದ್ದಿ ಅದ್ದಿ ಒರೆಸಿದೆವು. ಸಂಜೆ ಪಾಳಿಯ ಮೊದಲ ಕವರುಗಳು ಓವನ್ನಿನಿಂದ ಹೊರಬಂದವು. ಕುಳಿ ಮೊದಲಿಗಿಂತ ಹೆಚ್ಚಾಗಿತ್ತು. ಇಲ್ಲಿಯ ತನಕ ಚೊಕ್ಕವಿದ್ದ ಕವರುಗಳ ಅಂಚಿನಲ್ಲೂ ಕುಳಿ. ಬಾಗಿಲು ಒರೆಸಿದ ಬಟ್ಟೆಯನ್ನೇ ಬಕೆಟ್ಟಿಗೆ ಅದ್ದಿ ಗೋಡೆ ಒರೆಸಿದ್ದೆವು, ಹ್ಯಾಂಗರ್ ಒರೆಸಿದ್ದೆವು. ಬಾಗಿಲಲ್ಲಿದ್ದ ಮಾರಿಯನ್ನು ಮನೆ ತುಂಬ ಕರೆದುಕೊಂಡು ಬಂದಿದ್ದೆವು. ಆ ಸಂಜೆ ನನಗೆ ಹಸಿವೂ ಆಗಲಿಲ್ಲ. ಅಷ್ಟು ಬೇಜಾರಾಗಿತ್ತು.

ಕಂಪನಿ ಬಸ್ಸು ಹಡಪಸರ ಮುಟ್ಟುವಷ್ಟರಲ್ಲಿ ಮನುಷ್ಯ ಒಂದು ಜನ್ಮ ಯೋಚಿಸಿ ಮುಗಿಸಬಹುದು. ಅಂಥ ಟ್ರಾಫಿಕ್ಕು. ಕಿಟಕಿಗೆ ತಲೆ ಆನಿಸಿ ಕೂತೆ. ಸರಿಯಾಗಿ ಶುದ್ಧ ಮಾಡಬೇಕೆಂದರೆ ಪೇಂಟ್ ಶಾಪನ್ನು ಎರಡು ದಿನವಾದರೂ ಪೂರ್ತಿ ನಿಲ್ಲಿಸಬೇಕು. ನಿಲ್ಲಿಸಿದರೆ ಗಿರಾಕಿಯ ಕಾರುಗಳಿಗೆ ಕವರ್ ಇಲ್ಲ. ಅವರು ಒಪ್ಪದೆ ನಿಲ್ಲಿಸುವಂತಿಲ್ಲ. ಫಿಲ್ಟರ್ ಕಥೆ ಹೇಳಿದರೆ ಎರಡು ದಿನ ಯಾಕೆ ಅನ್ನುತ್ತಾರೆ. ನಿಜ ಹೇಳಿದರೆ ನಗುತ್ತಾರೆ. ನಕ್ಕರೆ ನಗಲಿ ಅಂದುಕೊಂಡೆ. ಅಮ್ಮ ಎಂದು ನಕ್ಕರು, ರಂಗೋಲಿ ಎಂದು ನಕ್ಕರು, ಬೇಸಿಕ್ ಎಂದರು. ಅಷ್ಟೂ ನಗೆಯ ನಂತರ ನಾನು ಇದ್ದೇನಲ್ಲ, ಕರಗಿಹೋಗಿಲ್ಲವಲ್ಲ. ಆದರೆ ಸುಳ್ಳು ಹೇಳಿ ಎರಡನೆಯ ಪಾಳಿಯನ್ನು ಕಳೆದುಕೊಂಡರೆ ಆ ಚಹದ ಹೊತ್ತಿನ ಮುಖಗಳನ್ನು ಹೇಗೆ ನೋಡುವುದು?

ಬೆಳಿಗ್ಗೆ ಮುಖ್ಯಸ್ಥರ ಕೋಣೆಗೆ ಹೋಗಿ, "ಸರ್, ನಿಜ ಹೇಳುತ್ತೇನೆ. ನಿಮ್ಮೆದುರೇ ಫೋನ್ ಮಾಡುತ್ತೇನೆ. ತಪ್ಪು ವಿಭಾಗದ್ದು, ವಿಭಾಗ ನನ್ನದು. ಕಾಕಾನ ಹೆಸರು ಎಲ್ಲೂ ಬರುವುದಿಲ್ಲ" ಅಂದೆ. ಅವರು ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ನಂಬರ್ ಒತ್ತಿಯಾಗಿತ್ತು.

ಎಲ್ಲ ಹೇಳಿದೆ. ಪೂಜೆ, ಪಾಲಿಶ್, ಬಾಗಿಲು, ಗ್ಲೌಸು, ನಿನ್ನೆಯ ಒರೆಸಾಟ ಕೆಟ್ಟದ್ದು. ಆ ಕಡೆಯಿಂದ ನಗು. ಹೊಟ್ಟೆ ಹಿಡಿದುಕೊಂಡು ನಗುವ ಸದ್ದು. ನಾನು ಕಾದೆ.

"ಸಾರಿ ಮೇಡಂ, ಸಾರಿ" ಅಂದರು ಕೊನೆಗೆ. "ನೀವು ಮತ್ತೆ ಫಿಲ್ಟರ್ ಅಂತ ಹೇಳ್ತೀರಾ ಅನ್ಕೊಂಡಿದ್ದೆ. ಎಲ್ರೂ ಅದನ್ನೇ ಹೇಳೋದು. ಹಂಗಂದಿದ್ರೆ ಹಳೇ ಫಿಲ್ಟರ್ ಕಳ್ಸಿ, ಕಟ್ ಮಾಡಿ ನೋಡ್ತೀನಿ ಅಂತಿದ್ದೆ. ಇಂಥ ಕಾರಣನ ಯಾರೂ ಕಟ್ಟಿ ಹೇಳೋಕಾಗಲ್ಲ, ಇದು ನಿಜಾನೇ. ಬುಧವಾರ, ಗುರುವಾರ ತಗೊಳ್ಳಿ. ನಮ್ಮತ್ರ ಇರೋ ಸ್ಟಾಕಲ್ಲಿ ಅಷ್ಟು ನಡಿಯುತ್ತೆ. ಶುಕ್ರವಾರ ನಾನೇ ಬರ್ತೀನಿ. ಆದ್ರೆ ಅವತ್ತು ಒಂದ್ ಕುಳಿ ಕಂಡ್ರೂ ನನ್ ಕೈಲಿ ಏನೂ ಇರಲ್ಲ ಮೇಡಂ."

ಗುರುವಾರ ನಮಗೆ ವಾರದ ರಜೆ. ಬುಧವಾರ ಬೆಳಿಗ್ಗೆ ಪೇಂಟ್ ಶಾಪಿನವರನ್ನೆಲ್ಲ ಸೇರಿಸಿದೆ. ಮೊನ್ನೆ ಎಲ್ಲಿ ಎಡವಿದೆವು ಎಂದು ತಿಳಿಸಿಕೊಡಬೇಕಿತ್ತು. ಸಿಲಿಕೋನ್, ಮಾಲಿನ್ಯ, ನಿಯಂತ್ರಣ ಎಂದು ಶುರುಮಾಡಿದೆ. ಜನ ಆಕಳಿಸಿದರು. ಆಗ ತಟ್ಟನೆ ನಮ್ಮ ಅಜ್ಜಿ ನೆನಪಾದಳು. ಮಡಿಬಟ್ಟೆಯನ್ನು ಕೋಲಿನಿಂದಲೇ ಎತ್ತಿ ಎತ್ತರದ ಗಳಕ್ಕೆ ಹಾಕುತ್ತಿದ್ದವಳು, ಮಡಿಯಲ್ಲಿದ್ದಾಗ ನನ್ನ ಲಂಗದ ತುದಿ ಸೋಕಿದರೂ ಮತ್ತೆ ಮಿಂದು ಬರುತ್ತಿದ್ದವಳು. ಮನುಷ್ಯರನ್ನು ದೂರ ನಿಲ್ಲಿಸುವ ಮಡಿಯನ್ನು ನಾನು ಯಾವತ್ತೂ ಒಪ್ಪಿದವಳಲ್ಲ, ಅಜ್ಜಿಯೊಡನೆ ಜಗಳವನ್ನೂ ಆಡಿದ್ದೇನೆ. ಆದರೆ ಒಂದು ಬಾಗಿಲಿಗೂ ಒಂದು ಚೂರು ಬಟ್ಟೆಗೂ ಅದು ಇಷ್ಟು ಚೆನ್ನಾಗಿ ಒಪ್ಪುತ್ತದೆಂದು ಆ ಗಳಿಗೆಯಲ್ಲಿ ಹೊಳೆಯಿತು.

"ಇವತ್ತಿನಿಂದ ಪೇಂಟ್ ಶಾಪಿನಾಗ ಮಡಿ" ಅಂದೆ ಕಾಕಾಗೆ. ಮರಾಠಿಯವರಿಗೆ "ಸೋವಳಂ" ಅಂದೆ. "ಬಾಗಲಾ ಮೈಲಿಗಿ. ಅದನ್ನ ಮುಟ್ಟಿದ ಬಟ್ಟಿ ಮೈಲಿಗಿ. ಒಮ್ಮೆ ಮುಟ್ಟಿದ ಬಟ್ಟಿ ತಿರುಗಿ ಬಕೆಟ್ಟಿಗೆ ಬರಂಗಿಲ್ಲ, ನೆಟ್ಟಗ ಹೊರಗ. ಗ್ಲೌಸೂ ಹಂಗ."

ಎಲ್ಲರ ಕಣ್ಣುಗಳು ಅರಳಿದವು. ಪಾಠ ಮುಗಿಯಿತು. ಆಮೇಲೆ ನನಗಿಂತ ಅವರೇ ಕಟ್ಟುನಿಟ್ಟು. ಬಟ್ಟೆಯ ಚೂರಿಗೆ ಥಿನ್ನರ್ ಹಚ್ಚುವವರು ಒಬ್ಬರು, ಮಡಿಯವರು. ಒರೆಸುವವರು ಇನ್ನೊಬ್ಬರು, ಮೈಲಿಗೆಯವರು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಮೇಲಿನಿಂದ ಕೆಳಕ್ಕೆ ಒಂದೇ ಎಳೆತ, ಚೂರು ಹೊರಗಿನ ಚೀಲಕ್ಕೆ. ತಲೆಗೆಣ್ಣೆಗೆ ಗಲಾಟೆ ಎಬ್ಬಿಸಿದ್ದ ಹುಡುಗಿಯೇ ಬಾಗಿಲಲ್ಲಿ ಕಾವಲು ನಿಂತಳು. ವಿಷಯ ತಿಳಿಯದೆ ಒಳಗೆ ಕಾಲಿಟ್ಟ ಪ್ಲಾಂಟ್ ಮುಖ್ಯಸ್ಥರನ್ನು, "ಸರ್, ಓವಳ್ಯಾನೆ ಆತ ಯೇಊ ನಕಾ" ಎಂದು, ಮೈಲಿಗೆಯಲ್ಲಿ ಒಳಗೆ ಬರಬೇಡಿ ಎಂದು, ಹೊರಗೇ ನಿಲ್ಲಿಸಿದಳು. ಅವರು ಹೊಸ ಗ್ಲೌಸು ಹಾಕಿಕೊಂಡು ಬಂದು ಎರಡು ಹ್ಯಾಂಗರ್ ಒರೆಸಿಕೊಟ್ಟರು. ನನಗೆ ಅವರ ಮೇಲೆ ಆವತ್ತು ಸ್ವಲ್ಪ ಪ್ರೀತಿ ಹುಟ್ಟಿತು.

ಬಾಗಿಲಿನ ರಬ್ಬರ್ ಪಟ್ಟಿ, ತಳ್ಳುಗಾಡಿಯ ಹಿಡಿಕೆಯ ತೊಗಲು, ಇವೆಲ್ಲ ಪಸೆ ಕುಡಿದಿದ್ದವು. ಒರೆಸಿದರೆ ಹೋಗುವಂಥದ್ದಲ್ಲ. ಕಿತ್ತು ಹೊಸದು ಹಾಕಿದೆವು. ಗುರುವಾರ ರಜೆಯಾದರೂ ಎರಡೂ ಪಾಳಿಯವರು ಬಂದರು. ಕಾಕಾ ಮನೆಯಿಂದ ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಪುಂಡಿಪಲ್ಯ ಬಂತು. ಅಂಗಳದಲ್ಲಿ ಎಲ್ಲರೂ ಕೂತು ಉಂಡೆವು. ಉಂಡ ಮೇಲೆ ಸಾಬೂನಿನಲ್ಲಿ ಎರಡೆರಡು ಸಲ ಕೈ ತೊಳೆದು ಮತ್ತೆ ಮಡಿಯಾದೆವು. ಸಂಜೆ ತಗಡುಗಳ ಪರೀಕ್ಷೆ ಮತ್ತೊಮ್ಮೆ ಮಾಡಿದೆ. ಎಲ್ಲ ತಗಡೂ ಚೊಕ್ಕವಿದ್ದವು, ಓವನ್ನಿನ ಬಾಗಿಲೊಂದನ್ನು ಬಿಟ್ಟು. ಯಾರೂ ಹೇಳುವ ಮುಂಚೆಯೇ ಕಾಕಾ ಎದ್ದು ಹೋಗಿ ಆ ಬಾಗಿಲನ್ನು ಮೊದಲಿನಿಂದ ಒರೆಸಿದರು.

ಶುಕ್ರವಾರ ಬೆಂಗಳೂರಿನವರು ಬಂದರು. ಚಹ ಬೇಡವೆಂದರು. ಟ್ಯೂಬ್‌ಲೈಟುಗಳ ಕೆಳಗೆ ನಿಂತು ಓವನ್ನಿನಿಂದ ಇಳಿದ ಬಿಸಿ ಬಿಸಿ ಕವರುಗಳನ್ನು ಒಂದೊಂದಾಗಿ ಓರೆ ಮಾಡಿ ನೋಡತೊಡಗಿದರು. ಕೆಂಪು, ಬಿಳಿ, ಬೂದು, ಮತ್ತೆ ಕೆಂಪು. ಎರಡನೆಯ ಪಾಳಿಯವರು ಕೆಲಸದ ಹೊತ್ತಿಗೆ ಮುಂಚೆಯೇ ಬಂದು ಗಾಜಿನ ಆಚೆ ಸಾಲಾಗಿ ನಿಂತಿದ್ದರು. ಒಂದು ಕೆಂಪು ಕವರನ್ನು ಇಂಜಿನಿಯರ್ ಎರಡು ಸಲ ಹಿಡಿದು ನೋಡಿದರು. ಉಗುರಿನಿಂದ ಮೆಲ್ಲಗೆ ತಟ್ಟಿದರು. ಧೂಳಿನ ಕಣ. ಹಾರಿಹೋಯಿತು.

ರಾಶಿ ಮುಗಿಯಿತು. ಒಂದೂ ಕುಳಿ ಇರಲಿಲ್ಲ.

"ಅಮ್ಮ ಇಳಿದ್ಲು ಮೇಡಂ" ಅಂದರು. "ಕೆಲಸ ನಿಮ್ಮಲ್ಲೇ ಇರುತ್ತೆ."

ಒಂದು ತಿಂಗಳಿನಿಂದ ಈ ಗಳಿಗೆಗೆಂದೇ ಒಂದು ಚುರುಕಾದ ಮಾತನ್ನು ಮಸೆದು ಇಟ್ಟುಕೊಂಡಿದ್ದೆ. ಬಸ್ಸಿನಲ್ಲಿ ದಿನಾ ಅದನ್ನು ತಿದ್ದಿ ತೀಡಿದ್ದೆ. ಗಾಜಿನ ಆಚೆ ಪಾಳಿಯವರು ಕುಣಿಯುವುದು ಕಂಡು ಅದು ಪೂರ್ತಿ ಮರೆತುಹೋಯಿತು. "ಚಹ ಕುಡೀರಿ ಈಗರ" ಎಂದಷ್ಟೇ ಬಂತು ಬಾಯಿಗೆ. ಕಣ್ಣಲ್ಲಿ ನೀರು ಬಂದದ್ದನ್ನು ಥಿನ್ನರಿನ ಮೇಲೆ ಹಾಕಿದೆ.

ಗೋಡೆಯ ಮೇಲಿನ ಕವರನ್ನು ನಾನು ತೆಗೆಯಲಿಲ್ಲ. ಹೊಸ ಕೆಲಸ ಬಂದಾಗ, ಹೊಸ ಬೈಗುಳ ಬಂದಾಗ ಅದನ್ನು ನೋಡುತ್ತೇನೆ. ಸಿಟ್ಟು ಈಗಲೂ ಬರುತ್ತದೆ, ಹಸಿವೂ ಆಗುತ್ತದೆ. ಮುಖ್ಯಸ್ಥರು ಈಗ ರಂಗೋಲಿಯ ಮಾತೆತ್ತುವುದಿಲ್ಲ. 'ಆಮೇಲೆ' ಎಂದಿದ್ದ ಮಾತನ್ನೂ ಅವರು ಮತ್ತೆ ತೆಗೆಯಲಿಲ್ಲ. ಹೊಸದಾಗಿ ಸೇರಿದವರಿಗೆ ಮಡಿಯ ಪಾಠ ಹೇಳುವುದು ಈಗ ಕಾಕಾನ ಜವಾಬ್ದಾರಿ.

ಮರುವರ್ಷದ ಖಂಡೆ ನವಮಿ ಬಂತು. ಬೂತಿನಿಂದ ದೂರ, ಹೊರಗಿನ ಅಂಗಳದಲ್ಲಿ ಪೂಜೆ. ಯಂತ್ರಗಳನ್ನು ಬರೀ ನೀರಿನಲ್ಲಿ, ಬರೀ ಬಿಳಿ ಬಟ್ಟೆಯಲ್ಲಿ ಒರೆಸಿದ್ದರು. ಮೋಲ್ಡಿಂಗಿನವರ ಯಂತ್ರ ನಮ್ಮದಕ್ಕಿಂತ ಹೊಳೆಯುತ್ತಿತ್ತು, ಹೊಳೆಯಲಿ. ಬೆಂಗಳೂರಿನವರು ಆ ದಿನ ಬೇರೆ ಕೆಲಸಕ್ಕೆ ಬಂದವರು ಪೇಢೆ ತಿನ್ನಲು ನಮ್ಮ ಕಡೆ ಹೊರಳಿದರು. ಚೌಕಿಯ ಮೇಲೆ ಬಣ್ಣದ ಗನ್ನು, ಸ್ಪ್ಯಾನರು, ಅಳತೆಯ ಲೋಟ ಎಲ್ಲ ಚೆಂಡುಹೂವಿನ ನಡುವೆ ಸಾಲಾಗಿ ಕೂತಿದ್ದವು. ಸಾಲಿನ ನಟ್ಟನಡುವೆ ನನ್ನ ಗೋಡೆಯ ಕವರ್, ಮೈತುಂಬ ಕುಳಿ, ತಲೆಯ ಮೇಲೆ ಹಸಿ ಬೇವಿನ ಟೊಂಗೆ. ಅದನ್ನು ಯಾವಾಗ ಇಳಿಸಿ ತಂದಿಟ್ಟರೋ ನನಗೆ ಗೊತ್ತೇ ಇರಲಿಲ್ಲ.

"ಅಯ್ಯೋ, ಇದನ್ನ ಇನ್ನೂ ಇಟ್ಕೊಂಡಿದೀರಾ?" ಅಂದರು ಅವರು. "ಪೂಜೆಗ್ಯಾಕೆ ಇಟ್ರಿ?"

ಉತ್ತರ ಕೊಟ್ಟದ್ದು ಕಾಕಾ. "ಇವತ್ತ ಆಯುಧದ ಪೂಜಿ ಅಲ್ರಿ ಸಾಹೇಬ್ರ? ಗನ್ ನಂದು, ಸ್ಪ್ಯಾನರ್ ಅವ್ರದು. ಇದು ನಮ್ಮ ಮೇಡಂರದು."

ಅವರು ನನ್ನನ್ನು ನೋಡಿದರು. ನಾನು ಬೇವಿನ ಟೊಂಗೆ ನೋಡುತ್ತ ನಿಂತೆ. ಅವರು ಬೂಟು ಬಿಚ್ಚಿ, ಚೌಕಿಯ ಮುಂದೆ ಬಗ್ಗಿ, ಕವರಿಗೆ ಹಚ್ಚಲೆಂದು ಕುಂಕುಮದ ಬಟ್ಟಲಿಗೆ ಕೈ ಚಾಚಿದರು. ಕಾಕಾ ಬಟ್ಟಲನ್ನು ಹಿಂದಕ್ಕೆ ಸರಿಸಿದರು.

"ಸಾಹೇಬ್ರ, ಕೈಗಿ ಕ್ರೀಮ್ ಏನರ ಹಚ್ಚೀರೇನು?"

ಬೆಂಗಳೂರಿನವರು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ನಲ್ಲಿಯ ಕಡೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದುಕೊಂಡು ಬಂದರು.